ಪಡೆದದ್ದನ್ನು ಹಿಂದಿರುಗಿಸುವ ಸಮಾರಂಭ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದೇ ಒಂದು ಕ್ರಿಯಾಪದ. ಅದನ್ನು ಬರೆದವರು ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ಕನ್ನಡ ಪಂಡಿತರು ಎಂಬುದು ನಾಚಿಕೆಯ ಸಂಗತಿ.

ಹುಣಸೂರಿನ ಸೌಹಾರ್ದ ಸೇವಾ ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಸುತ್ತಲಿನ ನಾಲ್ಕು ತಾಲ್ಲೂಕುಗಳಿಗೆ ಈ ಕ್ಲಬ್ಬು ಏನೇನು ಕೊಟ್ಟಿದೆ ಎಂದು ಕೇಳಿದರೆ ಪದಾಧಿಕಾರಿಗಳು ಉಸಿರು ಬಿಡದೆ ಹೇಳುತ್ತಿದ್ದರು. ಅದರಿಂದ ಯಾರಿಗಾದರೂ ಏನಾದರೂ ಆಯಿತೇ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೊಟ್ಟ ವಸ್ತುವಿನ ಮೇಲೆ ಹೆಸರು ಬಂತೇ, ಹೆಸರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡದ್ದಾಯಿತೇ, ಅಲ್ಲಿಗೆ ಸೇವೆ ಮುಗಿಯಿತು. ಒಂದು ಶಾಲೆಗೆ ಕೊಟ್ಟ ಗೋಡೆ ಗಡಿಯಾರದಲ್ಲಿ ಹನ್ನೆರಡು ಪದಾಧಿಕಾರಿಗಳ ಹೆಸರು ಹಿಡಿಸದೆ ಅಂಕಿಗಳನ್ನೇ ಕೈಬಿಟ್ಟಿದ್ದರು. ಆ ಶಾಲೆಯಲ್ಲಿ ಊಟದ ಬೆಲ್ಲು ಖಜಾಂಚಿಗೆ, ಮನೆಗೆ ಬಿಡುವುದು ಉಪಾಧ್ಯಕ್ಷರಿಗೆ.

ಅಧ್ಯಕ್ಷರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಕಾರ್ಯದರ್ಶಿ ಮಾತ್ರ ಹತ್ತೊಂಬತ್ತು ವರ್ಷದಿಂದ ನೀಲಕಂಠಸ್ವಾಮಿ ಮೇಷ್ಟ್ರೇ. ಅಧ್ಯಕ್ಷರ ಪಾಲಿಗೆ ಹಾರ, ಮೇಷ್ಟ್ರ ಪಾಲಿಗೆ ಆ ಹಾರ ತರುವ ಕೆಲಸ. ಕುರ್ಚಿ ಹಾಕಿಸುವುದು, ಮೈಕಿನವನ ಹಿಂದೆ ಅಲೆಯುವುದು, ಕೊನೆಗೆ ವರದಿ ಬರೆಯುವುದು. ವರದಿ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಆರು ಗಿಡ ನೆಟ್ಟು, ಸಂಜೆಯೊಳಗೆ ಐದನ್ನು ಮೇಕೆ ಮೇಯ್ದಿದ್ದರೂ 'ತಾಲ್ಲೂಕಿಗೆ ತಾಲ್ಲೂಕೇ ಹಸಿರುಡುಗೆ ತೊಟ್ಟು ನಿಂತಿತು' ಎಂದು ಬರೆದು, ತಾವೇ ಓದಿ, ತಾವೇ ನಂಬಿಬಿಡುತ್ತಿದ್ದರು.

ಬೇಡ ಎನ್ನುವ ಒಂದು ಪದ ಮಾತ್ರ ಅವರ ಶಬ್ದಭಂಡಾರದಲ್ಲಿ ಇರಲಿಲ್ಲ. ಒಬ್ಬಳೇ ಮಗಳು ಉಷಾರಾಣಿಯ ಧಾರೆಯ ಹೊತ್ತಿಗೆ ಅಂದಿನ ಅಧ್ಯಕ್ಷರು ಫೋನು ಮಾಡಿ 'ಬ್ಯಾನರ್ ಕಟ್ಟೋ ಗಳ ಎಲ್ಲಿಟ್ಟಿದ್ದೀರಿ?' ಎಂದು ಕೇಳಿದಾಗ, ಮೇಷ್ಟ್ರು ಮಂಟಪದಿಂದ ಎದ್ದು ಹೋಗಿ ಗಳ ಹುಡುಕಿಕೊಟ್ಟು ಬಂದಿದ್ದರು. ಮಗಳು ಈಗ ಮಡಿಕೇರಿ ದಾರಿಯ ಕೊಪ್ಪದಲ್ಲಿದ್ದಾಳೆ. ಮೊಮ್ಮಗಳಿಗೆ ಮೂರು ಹುಟ್ಟುಹಬ್ಬ ಕಳೆದಿವೆ. ಒಂದಕ್ಕೂ ತಾತ ಹೋಗಿಲ್ಲ. ನಾಲ್ಕನೆಯದು ಈ ಭಾನುವಾರ ಸಂಜೆ. ಬೆಳ್ಳಿಹಬ್ಬವೂ ಈ ಭಾನುವಾರವೇ.

"ಬೆಳ್ಳಿಹಬ್ಬ ಒಂದು ಮುಗಿಸಿಕೊಟ್ಟುಬಿಡಿ ಮೇಷ್ಟ್ರೇ, ಅವತ್ತೇ ನಿಮಗೆ ಬಿಡುಗಡೆ," ಎಂದು ಈ ವರ್ಷದ ಅಧ್ಯಕ್ಷರಾದ ಹಾರ್ಡ್‌ವೇರ್ ಅಂಗಡಿಯ ಷಣ್ಮುಖಪ್ಪನವರು ಮಾತು ಕೊಟ್ಟಿದ್ದರು. ಮೇಷ್ಟ್ರ ಹೆಂಡತಿ ಪ್ರೇಮಮ್ಮನ ಎದುರಿಗೇ ಕೊಟ್ಟಿದ್ದರು. ಹನ್ನೊಂದಕ್ಕೆ ಸಮಾರಂಭ, ಎರಡಕ್ಕೆ ಮುಕ್ತಾಯ, ಮೂರಕ್ಕೆ ಮಡಿಕೇರಿ ಬಸ್ಸು ಹತ್ತಿ ಕೊಪ್ಪದಲ್ಲಿ ಇಳಿಯುವುದು, ಹತ್ತು ದಿನ ಅಲ್ಲೇ ಇರುವುದು ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು.

"ಈ ಸಲ ನೀವು ಬರ್ಲಿಲ್ಲ ಅಂದ್ರೆ, ಮಗು ನಿಮ್ಮನ್ನ ಫೋನಿನ ಒಳಗಿರೋ ತಾತ ಅಂತಾನೇ ತಿಳ್ಕೊಳ್ಳತ್ತೆ," ಎಂದಿದ್ದರು ಪ್ರೇಮಮ್ಮ. ಆ ಮಾತು ಮೇಷ್ಟ್ರಿಗೆ ನಿಜವಾಗಿ ತಾಗಿತ್ತು.

ಇನ್ನು ಆ ಕ್ರಿಯಾಪದ. ಜಿಲ್ಲೆಯ ಕ್ಲಬ್ಬುಗಳಿಗೆಲ್ಲ ಮೇಲಿನವರಾದ ಜಿಲ್ಲಾ ಗವರ್ನರ್ ಕಚೇರಿಯಿಂದ ಒಂದು ಇಂಗ್ಲಿಷ್ ಸುತ್ತೋಲೆ ಬಂದಿತ್ತು. ಸಮಾಜ ನಮಗೆ ಕೊಟ್ಟದ್ದನ್ನು ನಾವು ಸಮಾಜಕ್ಕೆ ಮರಳಿ ಕೊಡಬೇಕು, ಅದೇ ಈ ವರ್ಷದ ಧ್ಯೇಯ ಎಂದು ಅದರ ತಾತ್ಪರ್ಯ. ಇಂಗ್ಲಿಷಿನಲ್ಲೇ ಬ್ಯಾನರ್ ಹಾಕಿಸೋಣ ಎಂದರು ಷಣ್ಮುಖಪ್ಪ. ಕನ್ನಡ ಪಂಡಿತರಾದ ಮೇಷ್ಟ್ರ ಮೈಯೆಲ್ಲ ಉರಿದುಹೋಯಿತು. ಎರಡು ದಿನ ತಿದ್ದಿ ತೀಡಿ 'ಬನ್ನಿ, ಪಡೆದದ್ದನ್ನು ಹಿಂದಿರುಗಿಸೋಣ' ಎಂದು ಬರೆದರು. ಯಾರು ಪಡೆದದ್ದು, ಯಾರಿಗೆ ಹಿಂದಿರುಗಿಸುವುದು ಎಂಬ ಕರ್ತೃವೂ ಅದರಲ್ಲಿರಲಿಲ್ಲ, ಸಂಪ್ರದಾನವೂ ಇರಲಿಲ್ಲ. ಜತೆಗೆ ಆಟೋದಲ್ಲಿ ಕೂಗಿ ಹೇಳಲೆಂದು ಒಂದೂವರೆ ಪುಟದ ಪ್ರಕಟಣೆಯನ್ನೂ ಬರೆದು ಮೈಕಿನ ಸಣ್ಣಬೀರಯ್ಯನ ಕೈಗೆ ಕೊಟ್ಟರು. ಸಣ್ಣಬೀರಯ್ಯ ಶುಕ್ರವಾರ, ಶನಿವಾರ ಎರಡೂ ದಿನ ಹಳ್ಳಿ ಹಳ್ಳಿ ಸುತ್ತಿ ಕೂಗಿ ಬಂದ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಮೇಷ್ಟ್ರು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಪ್ರೇಮಮ್ಮ ಕೂಗಿದರು.

"ರೀ, ಯಾರೋ ಹೊಲಿಗೆ ಮಿಷನ್ ತಂದು ಬಾಗಿಲಿಗೆ ಅಡ್ಡ ಇಟ್ಟಿದ್ದಾರೆ. ಹಾಲಿನೋನು ಒಳಗೆ ಬರೋಕಾಗ್ತಿಲ್ಲ!"

ಸೋಪಿನ ಮುಖದಲ್ಲೇ ಮೇಷ್ಟ್ರು ಹೊರಗೆ ಬಂದರು. ಕಟ್ಟೆಮಳಲವಾಡಿಯ ಬೀರಮ್ಮ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು.

"ತಗಳಿ ಮೇಷ್ಟ್ರೇ ನಿಮ್ ಮಿಸನ್ನು. ಲೆಕ್ಕ ತೀರೋಯ್ತು."

"ಇದ್ಯಾಕವ್ವಾ ಇಲ್ಲಿಗೆ ತಂದೆ?"

"ನೀವೇ ಅಲ್ವ್ರಾ ಆಟೋದಲ್ಲಿ ಕೂಗ್ಸಿದ್ದು? ಕಿಲಬ್ನಿಂದ ಪಡದಿರೋದ್ನ ಇಂದ್ರುಗಿಸ್ಬೇಕು, ತಪ್ಪುದ್ರೆ ಕ್ರಮ ತಗತೀವಿ ಅಂತ. ಕೊಟ್ಟೋರೇ ಕೇಳುದ್ಮ್ಯಾಕೆ ಮಡಿಕಂಡು ಏನ್ ಮಾಡಾನ? ಎಂಟ್ ವರ್ಸದಿಂದ ಸೂಜಿ ಇಲ್ಲ, ಪಟ್ಟಿ ಇಲ್ಲ. ಕೋಳಿ ಅದ್ರ ಮ್ಯಾಗೇ ಮೊಟ್ಟೆ ಇಕ್ತಿತ್ತು. ಈಗ ಆ ಕೋಳಿಗೂ ಜಾಗ ಇಲ್ದಂಗಾಯ್ತು ನೋಡಿ."

ಮೇಷ್ಟ್ರು ಸೋಪಿನ ಕೈಯಲ್ಲೇ ಸಣ್ಣಬೀರಯ್ಯನಿಗೆ ಫೋನು ಹಚ್ಚಿದರು.

"ಏನಯ್ಯಾ ಕೂಗಿದೆ ನೀನು? ನಾನು ಬರೆದುಕೊಟ್ಟದ್ದೇನು?"

"ಸಾ, ನೀವ್ ಬರ್ಕೊಟ್ಟಿದ್ದು ಒಂದೂವರೆ ಪೇಜು. 'ಸಮಷ್ಟಿ', 'ಕೃತಾರ್ಥತೆ' ಅನ್ನೋದ್ರಾಗೆ ಊರೇ ಮುಗುದೋಗದು. ಅದ್ಕೇ ಸಾರ ತಗದು ಯೋಳ್ದೆ. ಕ್ಲಬ್ಬಿಂದ ಪಡೆದದ್ದನ್ನು ಹಿಂದಿರುಗಿಸುವ ಸಮಾರಂಭ, ಎಲ್ಲಾ ತಪ್ದೆ ಬನ್ನಿ ಅಂತ. ಸರ್ಯಾಗೇ ಐತಲ್ಲ?"

"ಕ್ರಮ ತಗೋತೀವಿ ಅಂದದ್ದು?"

"ಅದು ಕರೆಂಟ್ ಬಿಲ್ಲಿನ್ ಕೂಗು ಸಾ. ಬಾಯಿ ಪಾಠ ಆಗೋಗದೆ. ಅಂಗೇ ಬಂದ್ಬುಡ್ತು."

ಮೇಷ್ಟ್ರು ಅರ್ಧ ಗಡ್ಡ ಹೆರೆದು, ಇನ್ನರ್ಧ ಬಿಟ್ಟು, ಸ್ಕೂಟರ್ ಹತ್ತಿ ಕಲ್ಯಾಣ ಮಂಟಪಕ್ಕೆ ಓಡಿದರು. ಹೋಗುವಾಗ ಬೀರಮ್ಮ ಹಿಂದಿನಿಂದ ಕೂಗಿ, ತನ್ನ ಮಿಷನ್ನನ್ನೂ ಅಲ್ಲಿಗೇ ತರುತ್ತೇನೆ, ರಶೀದಿ ಕೊಡದೆ ಬಿಡುವುದಿಲ್ಲ ಎಂದು ಹೇಳಿದಳು.

ಮಂಟಪದ ಮುಂದೆ ಆಗಲೇ ಎರಡು ಟ್ರಾಕ್ಟರು, ಒಂದು ಗೂಡ್ಸ್ ಆಟೋ ನಿಂತಿದ್ದವು. ಮೂರು ಚಕ್ರದ ಕುರ್ಚಿಗಳಲ್ಲಿ ಎರಡು ಚಕ್ರ ಉಳಿದಂಥವು, ನಲ್ಲಿಯೇ ಇಲ್ಲದ ನೀರಿನ ಟ್ಯಾಂಕು, ತಳವಿಲ್ಲದ ಕಸದ ಡಬ್ಬಿಗಳು ಒಂದೊಂದಾಗಿ ಇಳಿಯುತ್ತಿದ್ದವು. ಒಂದೊಂದರ ಮೇಲೂ ಯಾವುದಾದರೊಂದು ವರ್ಷದ ಅಧ್ಯಕ್ಷರ ಹೆಸರು ಮಾತ್ರ ಬಣ್ಣ ಮಾಸದೆ ಹೊಳೆಯುತ್ತಿತ್ತು. ಕಟ್ಟೆಮಳಲವಾಡಿಯ ಮುದುಕರು ಉಚಿತ ನೇತ್ರ ಶಿಬಿರದ ಕನ್ನಡಕಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿ ಕಳುಹಿಸಿದ್ದರು.

"ಯಾರದು ಯಾವುದು ಅಂತ ಬರೆದು ಕಳಿಸಿದಾರೇನಪ್ಪಾ?" ಎಂದು ಮೇಷ್ಟ್ರು ಟ್ರಾಕ್ಟರಿನವನನ್ನು ಕೇಳಿದರು.

"ಎಲ್ಲಾ ಒಂದೇ ನಂಬ್ರು ಸಾಮಿ. ಹಾಕ್ಕಂಡ್ರೂ ಕಾಣಕಿಲ್ಲ, ತಗುದ್ರೂ ಕಾಣಕಿಲ್ಲ. ಯಾರ್ದಾದ್ರೇನು ಬುಡಿ."

ಕಬಿನಿ ಅಣೆಕಟ್ಟೆಯ ಬುಡದಲ್ಲಿರುವ ಬೀಚನಹಳ್ಳಿಯಿಂದ ಹನ್ನೆರಡು ಅಡಿ ಉದ್ದದ ಒಂದು ತಗಡಿನ ಬೋರ್ಡು ಬಂದಿತ್ತು. ಮೂಲೆಯಲ್ಲಿ ಸಣ್ಣಗೆ 'ನೀರು ಅಮೂಲ್ಯ', ಮಿಕ್ಕ ಜಾಗವೆಲ್ಲ ಪದಾಧಿಕಾರಿಗಳು. ಅದನ್ನು ತಂದವನ ಮುಖ ಮಾತ್ರ ಸಪ್ಪಗಿತ್ತು.

"ಕೊಟ್ಗೆ ಮ್ಯಾಲೆ ಒದಿಸ್ಕಂಡಿದ್ದೋ ಸಾಮಿ. ಮಳೇಲಿ ಒಂದ್ ತೊಟ್ಟು ಸೋರ್ತಿರ್ನಿಲ್ಲ. ಕೊಡಕ್ಕೆ ಒಟ್ಟೆ ಉರೀತದೆ. ಏನ್ ಮಾಡದು, ಕೇಸ್ ಆಯ್ತದೆ ಅಂದ್ರಲ್ಲ."

ಇಪ್ಪತ್ತೈದು ವರ್ಷದ ಸೇವೆಯಲ್ಲಿ ಜನರಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಮೇಷ್ಟ್ರಿಗೆ ಅಲ್ಲೇ ಅರ್ಥವಾಯಿತು.

ತಂದವರೆಲ್ಲ ರಶೀದಿಗೆ ಪಟ್ಟು ಹಿಡಿದರು. ನಾಳೆ ಯಾರಾದರೂ ಬಂದು ಕೇಳಿದರೆ ತೋರಿಸಬೇಕಲ್ಲ. ಬೇರೆ ದಾರಿ ಕಾಣದೆ ಮೇಷ್ಟ್ರು ಬಾಗಿಲಲ್ಲಿ ಮೇಜು ಹಾಕಿಸಿ, ಕ್ಲಬ್ಬಿನ ರಶೀದಿ ಪುಸ್ತಕ ತೆರೆದು ಕೂತರು. 'ಧನ್ಯವಾದಗಳೊಂದಿಗೆ ಸ್ವೀಕರಿಸಲಾಗಿದೆ' ಎಂದು ಮೊದಲೇ ಅಚ್ಚಾಗಿತ್ತು. ಅದರ ಕೆಳಗೆ 'ಹೊಲಿಗೆ ಯಂತ್ರ, ಒಂದು, ಬಳಸಿದ್ದು', 'ಕನ್ನಡಕ, ಬಕೆಟ್ ಸಮೇತ' ಎಂದು ದುಂಡಗೆ ಬರೆದು ಸಹಿ ಹಾಕಿ ಕೊಡತೊಡಗಿದರು.

ಚಿಕ್ಕಬೀರಯ್ಯ ಎಂಬ ಆರಡಿ ಎತ್ತರದ ರೈತನೊಬ್ಬ ಪಿರಿಯಾಪಟ್ಟಣದ ಕಡೆಯಿಂದ ಬಂದಿದ್ದ. ಮೇಜಿನ ಮೇಲೆ ಒಂದು ಬಿಸ್ಕತ್ತಿನ ಪೊಟ್ಟಣ, ಒಂದು ಹಣ್ಣಿನ ರಸದ ಡಬ್ಬಿ ಇಟ್ಟ.

"ಇದೇನಪ್ಪಾ?"

"ಓದ್ ವರ್ಸ ನಿಮ್ ಕ್ಯಾಂಪಲ್ಲಿ ರಕ್ತ ಕೊಟ್ಟಾಗ ನೀವ್ ಕೊಟ್ಟಿದ್ದು. ಅವತ್ತೇ ತಿಂದ್ಕಂಬುಟ್ಟಿದ್ದೆ. ಅದ್ಕೇ ಅಂಗ್ಡೀಲಿ ಅಂತದೇ ತಂದಿವ್ನಿ. ತಗಂಡು ನನ್ ರಕ್ತ ಕೊಡಿ, ಓಯ್ತೀನಿ."

"ಅಯ್ಯಾ, ಅದನ್ನ ಯಾವತ್ತೋ ಯಾರಿಗೋ ಹಾಕಿಬಿಟ್ಟಿರ್ತಾರಲ್ಲಯ್ಯ!"

"ಯಾರ್ಗೆ ಅಂತ ಅಡ್ರೆಸ್ ಕೊಡಿ ಸಾಕು. ನಾನೇ ಓಗಿ ಮಾತಾಡ್ಕತೀನಿ."

ಅಷ್ಟರಲ್ಲಿ ಅಧ್ಯಕ್ಷ ಷಣ್ಮುಖಪ್ಪ ಜರಿ ಪಂಚೆ ಎತ್ತಿ ಹಿಡಿದುಕೊಂಡು ಓಡಿಬಂದರು. ರಾಶಿಯ ತಳದಲ್ಲಿ ತಮ್ಮ ಅಂಗಡಿಯಿಂದಲೇ ಹೋಗಿದ್ದ ಸಲಿಕೆಗಳು ಹಿಡಿ ಕಳಚಿಕೊಂಡು ಬಿದ್ದಿರುವುದು ಕಣ್ಣಿಗೆ ಬಿದ್ದು ಇನ್ನಷ್ಟು ಕೆಂಪಾದರು.

"ಏನ್ ಬರೆದ್ರಿ ಮೇಷ್ಟ್ರೇ ನೀವು?"

"ಶುದ್ಧ ಕನ್ನಡ."

"ನಿಮ್ಮ ಶುದ್ಧ ಕನ್ನಡ ನನ್ನ ಮಾನ ತೆಗೀತಲ್ರೀ! ಜಿಲ್ಲಾ ಗವರ್ನರ್ ಮೇಡಂ ಮೈಸೂರು ಬಿಟ್ಟು ಇಲವಾಲ ದಾಟಿದ್ದಾರಂತೆ. ಈ ಗುಜರಿ ನೋಡಿದ್ರೆ ನಮಗೆ ಪ್ರಶಸ್ತಿ ಕೊಡ್ತಾರಾ? ಎಲ್ಲಾ ವಾಪಸ್ ಕಳಿಸ್ರೀ!"

ಕಳುಹಿಸಲು ನೋಡಿದರು. ಯಾರೂ ಒಪ್ಪಲಿಲ್ಲ. ರಶೀದಿ ಕೈಯಲ್ಲಿದ್ದವರು ಅದನ್ನು ಎತ್ತಿ ಹಿಡಿದು ತೋರಿಸಿದರು. ಇನ್ನೂ ಸಿಗದವರು ಸಾಲಿನಲ್ಲಿ ತಳ್ಳಾಡಿದರು. ಕೆ.ಆರ್. ನಗರದ ಕಡೆಯಿಂದ ಬಂದ ಮತ್ತೊಂದು ಟ್ರಾಕ್ಟರು ಒಂದು ಕಲ್ಲುಬೆಂಚನ್ನು ಮಂಟಪದ ಬಾಗಿಲಿಗೇ ಇಳಿಸಿ ಹೋಯಿತು. ಅದನ್ನು ಸರಿಸಲು ಎಂಟು ಜನ ಬೇಕಾಗಿತ್ತು. ಕ್ಲಬ್ಬಿನ ಎಂಟು ಜನ ಸೇವಾಕರ್ತರು ಇಸ್ತ್ರಿ ಕೆಡುತ್ತದೆಂದು ದೂರ ನಿಂತು ಸಲಹೆ ಕೊಟ್ಟರು. ಹನ್ನೊಂದಕ್ಕೆ ಸರಿಯಾಗಿ ಗವರ್ನರ್ ಬೃಂದಾ ಮೇಡಂ ಕಾರಿನಿಂದಿಳಿದರು. ಬೆಂಚು ಹತ್ತಿ ಇಳಿದೇ ಒಳಗೆ ಬಂದರು.

ವೇದಿಕೆಯ ಮೇಲೆ ಷಣ್ಮುಖಪ್ಪ ಮೇಷ್ಟ್ರ ಕಿವಿಯಲ್ಲಿ ಹಲ್ಲು ಕಡಿದರು. "ತಪ್ಪು ಮಾಡಿದೋರು ನೀವು. ನೀವೇ ಮೈಕಲ್ಲಿ ಒಪ್ಕೊಳ್ಳಿ. ನನ್ನ ಹೆಸರು ಬರಕೂಡದು. ಇವತ್ತಿಗೆ ನಿಮ್ಮ ಕಾರ್ಯದರ್ಶಿಗಿರಿ ಮುಗೀತು ಅಂತ ತಿಳ್ಕೊಳ್ಳಿ!"

ಮುಗಿಯಿತು ಎಂಬ ಮಾತು ಕೇಳಿದ್ದೇ ಮೇಷ್ಟ್ರಿಗೆ ಎಲ್ಲಿಲ್ಲದ ಸಂತೋಷವಾಯಿತು. ಇದುವರೆಗೆ ಎಷ್ಟು ಬೇಡಿಕೊಂಡರೂ ಬಿಡದವರು ಈಗ ತಾವಾಗಿಯೇ ಕತ್ತು ಹಿಡಿದು ದಬ್ಬುತ್ತಿದ್ದಾರೆ. ಚೆನ್ನಾಗಿ ಮಾನ ಹೋಗುವಂತೆ ಮಾತಾಡಿದರೆ ಇನ್ನೆಂದೂ ಹತ್ತಿರ ಸೇರಿಸಲಾರರು. ಮೊಮ್ಮಗಳ ಮುಖ ಕಣ್ಣ ಮುಂದೆ ಬಂತು. ಮೇಷ್ಟ್ರು ಮೈಕು ಹಿಡಿದರು.

"ಮಾನ್ಯರೇ, ಹೊರಗೆ ಬಿದ್ದಿರುವ ರಾಶಿಯೇ ನಮ್ಮ ಇಪ್ಪತ್ತೈದು ವರ್ಷದ ಚರಿತ್ರೆ. ಜನಕ್ಕೆ ಏನು ಬೇಕು ಅಂತ ನಾವು ಒಂದು ದಿನವೂ ಕೇಳಲಿಲ್ಲ. ನಮ್ಮ ಹೆಸರು ಬರೆಯಲಿಕ್ಕೆ ಯಾವುದರ ಮೇಲೆ ಜಾಗ ಇತ್ತೋ ಅದನ್ನ ಕೊಟ್ಟೆವು. ಸೂಜಿ ಇಲ್ಲದ ಮಿಷನ್ ಕೊಟ್ಟು 'ಮಹಿಳೆಯರ ಬಾಳಿಗೆ ಬೆಳಕು' ಅಂತ ವರದಿ ಬರೆದವನು ನಾನೇ. ಹತ್ತೊಂಬತ್ತು ವರ್ಷ ಬರೀ ಸುಳ್ಳು ಬರೆದಿದ್ದೇನೆ. ದಯವಿಟ್ಟು ನನ್ನನ್ನ ಈಗಿಂದೀಗಲೇ ಈ ಹುದ್ದೆಯಿಂದ ತೆಗೆದುಹಾಕಿ."

ಹಿಂದೆ ನಿಂತಿದ್ದ ಹಳ್ಳಿಯವರು ಮೊದಲು ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಹತ್ತೊಂಬತ್ತು ವರ್ಷದ ಕಫ ಹೊರಗೆ ಹೋದಷ್ಟು ಹಗುರವಾಯಿತು. ಗಂಟೆ ನೋಡಿಕೊಂಡರು. ಬಸ್ಸಿಗೆ ಬೇಕಾದಷ್ಟು ಸಮಯವಿತ್ತು.

ಆಗ ಬೃಂದಾ ಮೇಡಂ ಎದ್ದು ನಿಂತರು. ಅವರ ಕಣ್ಣಲ್ಲಿ ನೀರಿತ್ತು.

"ಎಂಥಾ ಕಾನ್ಸೆಪ್ಟ್!" ಎಂದರು. "ಈ ತಿಂಗಳು ಹನ್ನೊಂದು ಬೆಳ್ಳಿಹಬ್ಬ ನೋಡಿದೆ. ಎಲ್ಲಾ ಕಡೆ ಅದೇ ಫೋಟೋ, ಅದೇ ಭಾಷಣ. ನೀವು ಮಾತ್ರ ವಸ್ತುಗಳನ್ನೇ ಜನರ ಕೈಲಿ ತರಿಸಿ ಪ್ರದರ್ಶನಕ್ಕೆ ಇಟ್ಟಿದ್ದೀರಿ. ಇದು ಆತ್ಮಾವಲೋಕನ! ಇಂಥ ವಿನಯ ನಾನೆಲ್ಲೂ ನೋಡಿಲ್ಲ. ಜಿಲ್ಲೆಯ ಅತ್ಯುತ್ತಮ ಕ್ಲಬ್ ಪ್ರಶಸ್ತಿ ನಿಮಗೇ!"

ಷಣ್ಮುಖಪ್ಪ ಒಂದು ಕ್ಷಣ ತಬ್ಬಿಬ್ಬಾದರು. ಮರುಕ್ಷಣವೇ ಮೈಕು ಕಿತ್ತುಕೊಂಡು "ಇದು ನನಗೆ ಬಹಳ ದಿನದಿಂದ ಇದ್ದ ಆಲೋಚನೆ," ಎಂದರು.

"ಇಷ್ಟಕ್ಕೇ ನಿಲ್ಲಿಸಬಾರದು," ಎಂದು ಮೇಡಂ ಮುಂದುವರಿಸಿದರು. "ಜನರಿಂದ ಬಂದದ್ದು ಜನರಿಗೇ ಹೋಗಬೇಕು. ಇದನ್ನೆಲ್ಲಾ ಇವತ್ತೇ, ನನ್ನ ಕೈಯಿಂದಲೇ ವಿತರಣೆ ಮಾಡೋಣ."

ಅರ್ಧ ಗಂಟೆಯಲ್ಲಿ ಎದುರು ಅಂಗಡಿಯಿಂದ ಮೇಡಂ ಹೆಸರಿನ ಸ್ಟಿಕ್ಕರುಗಳು ಬಂದವು. ಹಳೇ ಅಧ್ಯಕ್ಷರ ಹೆಸರಿನ ಮೇಲೆ ಹೊಸ ಹೆಸರು ಕೂತಿತು. ಬೀರಮ್ಮನನ್ನು ವೇದಿಕೆಗೆ ಕರೆದು ಅವಳ ಕೈಗೆ ಅವಳದೇ ಮಿಷನ್ ಮುಟ್ಟಿಸಿದರು.

"ಬ್ಯಾಡ ಕಣವ್ವೋ, ಇದ್ನ ಆಗ್ಲೇ ಒಪ್ಸಿವ್ನಿ. ನೋಡು, ರಶೀದಿ ಐತೆ ನನ್ತಾವ!" ಎಂದು ಬೀರಮ್ಮ ಕೂಗುತ್ತಲೇ ಇದ್ದಳು. ಫೋಟೋದವನು ಅದನ್ನೇ ಆನಂದದ ಕೂಗೆಂದು ಚೆನ್ನಾಗಿ ತೆಗೆದುಕೊಂಡ.

ಚಿಕ್ಕಬೀರಯ್ಯನಿಗೆ ರಕ್ತದ ವಿಚಾರ ಮಾತಾಡಲು ಪಕ್ಕದ ಕೋಣೆಗೆ ಹೋಗೆಂದರು. ಅಲ್ಲಿ ಬೆಳ್ಳಿಹಬ್ಬದ ರಕ್ತದಾನ ಶಿಬಿರ ನಡೆದಿತ್ತು. ಅವನು ತನ್ನ ಅಹವಾಲು ಹೇಳಿ ಮುಗಿಸುವುದರೊಳಗೆ ಮಲಗಿಸಿ ಇನ್ನೊಂದು ಬಾಟಲಿ ತೆಗೆದುಕೊಂಡು, ಅವನೇ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವನ ಕೈಗಿಟ್ಟು ಕಳುಹಿಸಿದರು. ಬೀಚನಹಳ್ಳಿಯ ತಗಡಿನ ಬೋರ್ಡೊಂದು ಮಾತ್ರ ವಾಪಸಾಗಲಿಲ್ಲ. ಅದು ಮೇಡಂಗೆ ತುಂಬ ಹಿಡಿಸಿ, ಮೈಸೂರಿನ ಕಚೇರಿಗೆಂದು ಕಾರಿನ ಮೇಲೆ ಕಟ್ಟಿಸಿಕೊಂಡರು.

ಮೇಷ್ಟ್ರು ಗದ್ದಲದಲ್ಲಿ ಹಿಂಬಾಗಿಲಿನಿಂದ ಜಾರಿಕೊಳ್ಳಲು ನೋಡಿದರು. ಅಷ್ಟರಲ್ಲಿ ಮೈಕು ಅವರ ಹೆಸರು ಕೂಗಿತು. ನಾಲ್ಕು ಜನ ಹಿಡಿದು ತಂದು ಶಾಲು ಹೊದಿಸಿ, ಅರ್ಧ ಗಡ್ಡದ ಮುಖಕ್ಕೆ ಮೈಸೂರು ಪೇಟ ತೊಡಿಸಿದರು.

"ಈ 'ಹಿಂದಿರುಗಿಸೋಣ' ಅಭಿಯಾನ ಇನ್ನು ಮುಂದೆ ಪ್ರತಿ ಭಾನುವಾರ ನಡೆಯುತ್ತೆ," ಎಂದು ಮೇಡಂ ಸಾರಿದರು. "ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿಗೆ ಮೂರು ವರ್ಷದ ಮಟ್ಟಿಗೆ ನೀಲಕಂಠಸ್ವಾಮಿಯವರೇ ಸಂಚಾಲಕರು. ಕಾರ್ಯದರ್ಶಿ ಸ್ಥಾನದಲ್ಲಂತೂ ಅವರು ಜೀವನಪರ್ಯಂತ ಮುಂದುವರಿಯಬೇಕು!"

"ಮೇಡಂ, ನಾನು ನಿಜವಾಗಿಯೂ ತೆಗೆದುಹಾಕಿ ಅಂತಲೇ ಕೇಳಿದ್ದು," ಎಂದರು ಮೇಷ್ಟ್ರು.

"ನೋಡಿ, ನೋಡಿ, ಎಂಥಾ ವಿನಯ!" ಎಂದರು ಮೇಡಂ. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆ ಚಪ್ಪಾಳೆಯ ನಡುವೆ ಬೇಡ ಎಂಬ ಪದ ಮೇಷ್ಟ್ರ ಬಾಯಿಂದ ಮೊಟ್ಟಮೊದಲ ಬಾರಿಗೆ ಹೊರಗೆ ಬಂತು. ಯಾರಿಗೂ ಕೇಳಲಿಲ್ಲ.

ಎರಡೂವರೆಗೆ ಪ್ರೇಮಮ್ಮ ಆಟೋದಲ್ಲಿ ಬಂದಿಳಿದರು. ಬಾಗಿಲಲ್ಲಿ ನಿಂತು ಶಾಲು, ಪೇಟ, ಅರ್ಧ ಗಡ್ಡ ಎಲ್ಲವನ್ನೂ ಒಮ್ಮೆ ನೋಡಿದರು. ಷಣ್ಮುಖಪ್ಪ ಹಲ್ಲು ಕಿರಿಯುತ್ತ ಎದುರಿಗೆ ಹೋದರು.

"ಅಮ್ಮಾ, ಮೇಷ್ಟ್ರು ಇವತ್ತು ನಾಲ್ಕು ತಾಲ್ಲೂಕಿನ ಆಸ್ತಿ ಆಗಿಬಿಟ್ರು! ಈಗಲೇ ಕೂತು ವರದಿ ಬರೀಬೇಕು, ನಾಳೆ ಪೇಪರಿಗೆ ಹೋಗ್ಬೇಕು. ಇವತ್ತೊಂದು ದಿವಸ ಬಿಟ್ಕೊಡಿ."

ಪ್ರೇಮಮ್ಮ ಜಗಳಕ್ಕೆ ನಿಲ್ಲಲಿಲ್ಲ. ಗಂಡನ ಮುಖವನ್ನೇ ನೋಡಿ, "ಬರ್ತೀರೋ ಇಲ್ವೋ?" ಎಂದರು.

ಮೇಷ್ಟ್ರು ಅಧ್ಯಕ್ಷರ ಮುಖ ನೋಡಿದರು, ಮೇಡಂ ಮುಖ ನೋಡಿದರು. "ಒಂದರ್ಧ ಗಂಟೆ ಪ್ರೇಮಾ, ವರದಿ ಒಂದು ಮುಗಿಸಿ..." ಎಂದರು. ಹಾಗೆಂದದ್ದಕ್ಕೆ ಅವರಿಗೇ ಅಳು ಬಂದಂತಾಯಿತು.

ಪ್ರೇಮಮ್ಮ ನೇರವಾಗಿ ಬಾಗಿಲ ಮೇಜಿನ ಹತ್ತಿರ ಹೋಗಿ ರಶೀದಿ ಪುಸ್ತಕ ತಂದು ಗಂಡನ ಮುಂದೆ ಇಟ್ಟರು.

"ಹಾಗಾದ್ರೆ ಎಲ್ಲರಿಗೂ ಬರ್ಕೊಟ್ಟ ಹಾಗೆ ನನಗೂ ಒಂದು ಬರ್ಕೊಡಿ. ಗಂಡ, ಒಂದು."

"ಪ್ರೇಮಾ..."

"ನಾಳೆ ಉಷಾ ಕೇಳಿದ್ರೆ ತೋರಿಸ್ಬೇಕಲ್ರೀ. ಬರೀರಿ. ಬಳಸಿದ್ದು ಅಂತ ಸೇರಿಸಿ. ಇಲ್ಲಾ ಅಂದ್ರೆ ಹೊಸದು ಅಂತ ತಿಳ್ಕೊಂಡಾರು."

ಷಣ್ಮುಖಪ್ಪ ಇದನ್ನು ತಮಾಷೆಯೆಂದು ಭಾವಿಸಿ ಹೋ ಎಂದು ನಕ್ಕು, ತಮ್ಮ ಪೆನ್ನು ಕೊಟ್ಟರು. ಮೇಷ್ಟ್ರಿಗೆ ಪೆನ್ನು ಕೈಗೆ ಬಂದ ಮೇಲೆ ಬರೆಯದೆ ಇರುವುದು ಗೊತ್ತಿರಲಿಲ್ಲ. ದುಂಡಗಿನ ಅಕ್ಷರದಲ್ಲಿ, ಒಂದು ತಪ್ಪಿಲ್ಲದೆ ಬರೆದು, ಕೆಳಗೆ ಗೌರವ ಕಾರ್ಯದರ್ಶಿ ಎಂದು ಸಹಿ ಹಾಕಿದರು. ಪ್ರೇಮಮ್ಮ ಚೀಟಿ ಹರಿದು, ಮಡಚಿ, ಪರ್ಸಿನೊಳಗಿಟ್ಟುಕೊಂಡು ಮೂರು ಗಂಟೆಯ ಮಡಿಕೇರಿ ಬಸ್ಸಿಗೆ ಹೊರಟುಹೋದರು.